ಬಾಟಲಿ ಮುಚ್ಚಳದ ಕೀಬೋರ್ಡು

ನಮ್ಮ ಸೋದರತ್ತೆ ಒಂದು ಸಾಯಂಕಾಲ ಬಾರ್ ಮುಂದೆ ಸಿಕ್ಕಿಬಿದ್ದರು!

ಹೌದು ಸ್ವಾಮಿ, ಸುಳ್ಳಲ್ಲ. ಏಕಾದಶಿ ಉಪವಾಸ ತಪ್ಪಿಸದ, ಹೋಟೆಲ್ ಕಾಫಿಯನ್ನೂ ಎರಡು ಸಲ ಯೋಚನೆ ಮಾಡಿ ಕುಡಿಯುವ ಹೆಂಗಸು. ಚಾಮರಾಜಪೇಟೆಯ ಹೆಣ್ಣುಮಕ್ಕಳ ಕನ್ನಡ ಶಾಲೆಯೊಂದರಲ್ಲಿ ಗಣಿತದ ಟೀಚರು. ಮದುವೆಯಾಗಿರಲಿಲ್ಲ, ಬಸವನಗುಡಿಯ ನಮ್ಮ ಮನೆಯಲ್ಲೇ ಇದ್ದರು. ಅಂಥವರು ಬಾರ್ ಬಾಗಿಲಲ್ಲಿ ಬಗ್ಗಿಕೊಂಡು ಬಿಯರ್ ಬಾಟಲಿಗಳ ಮುಚ್ಚಳ ಆರಿಸಿ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದರಂತೆ. ಕಣ್ಣಾರೆ ಕಂಡ ಎದುರುಮನೆ ರಾಯರು ಚಪ್ಪಲಿ ಕೂಡ ಬಿಡದೆ ನಮ್ಮ ಹಾಲಿಗೆ ನುಗ್ಗಿ ಅಪ್ಪನಿಗೆ ವರದಿ ಒಪ್ಪಿಸಿದರು. ರಾಯರಿಗೆ ಬಾರ್ ಮುಂದೆ ಏನು ಕೆಲಸವಿತ್ತು ಅಂತ ಆ ಗಲಾಟೆಯಲ್ಲಿ ಯಾರೂ ಕೇಳಲಿಲ್ಲ.

ಅತ್ತೆ ಮಾತ್ರ ಆರಾಮಾಗಿ ಬಂದರು. "ಬೀಡಾ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಿಕ್ಕಿದ್ರೆ ಹೆಚ್ಚು. ಅಲ್ಲಾದ್ರೆ ಬುಟ್ಟಿಗಟ್ಟಲೆ ಬಿದ್ದಿರುತ್ತೆ. ಪಾಪ, ಆ ಕ್ಯಾಶಿಯರ್ ಎಷ್ಟು ಮರ್ಯಾದಸ್ಥ ಗೊತ್ತಾ? ನಾಳೆಯಿಂದ ಎತ್ತಿಟ್ಟಿರ್ತೀನಿ ಅಮ್ಮಾ ಅಂದ!"

ಅಪ್ಪ ತಲೆ ಮೇಲೆ ಕೈಹೊತ್ತು ಕೂತರು.

ಇದರ ಮೂಲ ಎಲ್ಲಿದೆ ಅಂತೀರಿ? ಕೀನ್ಯಾದಲ್ಲಿ! ಅತ್ತೆ ಯಾವುದೋ ಶಿಕ್ಷಕರ ಕಮ್ಮಟಕ್ಕೆ ಹೋಗಿದ್ದಾಗ ಕೀನ್ಯಾದ ಒಬ್ಬ ಟೀಚರಮ್ಮ, ನೇಪಾಳದ ಒಬ್ಬ ಮೇಷ್ಟ್ರು ಗಂಟುಬಿದ್ದಿದ್ದರು. ಮೂವರ ಶಾಲೆಯಲ್ಲೂ ಬಡವರ ಮಕ್ಕಳು, ಮೂವರ ಶಾಲೆಯಲ್ಲೂ ಮಕ್ಕಳ ಕೈಗೆ ಕಂಪ್ಯೂಟರ್ ಇಲ್ಲ. ಊಟದ ಸಾಲಿನಲ್ಲಿ ಕೂತೇ ಮೂವರೂ ತೀರ್ಮಾನ ಮಾಡಿದರಂತೆ, ಇಲ್ಲದಿದ್ದರೆ ಬೇಡ, ಇಲ್ಲದೆಯೇ ಕಲಿಸೋಣ ಅಂತ. ನೀರಿಲ್ಲದ ಕೊಳದಲ್ಲಿ ಈಜು ಕಲಿಸೋಕೆ ಹೊರಟ ಹಾಗೆ!

ಆಗಿನ್ನೂ ಗಲ್ಲಿಗೊಂದು ಬ್ರೌಸಿಂಗ್ ಸೆಂಟರ್ ಏಳುತ್ತಿದ್ದ ಕಾಲ. ನಾನು ಡಿಗ್ರಿ ಓದುತ್ತಿದ್ದೆ. ಹೀಗಾಗಿ ಪ್ರತಿ ಶನಿವಾರ ಗಾಂಧಿಬಜಾರಿನ ಸೆಂಟರಿನಲ್ಲಿ ಅತ್ತೆಗೆ ಸಂಬಳವಿಲ್ಲದ ಗುಮಾಸ್ತ ನಾನೇ. ಅವರು ಹೇಳಬೇಕು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು.

"ಬರಿ. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಇಲ್ಲಿ ಸೆಖೆ ಜಾಸ್ತಿ. ನಿಮ್ಮ ಮಗಳ ಕೆಮ್ಮು ವಾಸಿ ಆಯ್ತೇ?"

"ಅತ್ತೆ, ಅರ್ಧ ಗಂಟೆ ಇರೋದು. ವಿಷಯಕ್ಕೆ ಬನ್ನಿ."

"ಕೆಮ್ಮು ವಿಷಯ ಅಲ್ವೇನೋ? ಶುಂಠಿ ಕಷಾಯ ಮಾಡೋದು ಹೇಗೆ ಅಂತಾನೂ ಬರಿ."

ಕಷಾಯ ಕುದಿಯೋ ಹೊತ್ತಿಗೆ ಟೈಮ್ ಮುಗಿದಿರುತ್ತಿತ್ತು.

ಆದರೂ ಕೆಲಸ ನಡೆಯಿತು ನೋಡಿ. ಅತ್ತೆ ಸೀರೆ ಡಬ್ಬದ ರಟ್ಟಿನ ಮೇಲೆ ಕೀಬೋರ್ಡ್ ಬರೆದು, ಒಂದನ್ನು ಅಂಚೆಯಲ್ಲಿ ಕೀನ್ಯಾಕ್ಕೆ ಕಳಿಸಿದರು. ಅದನ್ನು ನೋಡಿದ ಟೀಚರಮ್ಮ, ಬರೀ ಚಿತ್ರ ಒತ್ತಿದರೆ ಬೆರಳಿಗೆ ಏನು ಗೊತ್ತಾಗಬೇಕು, ಬಾಟಲಿ ಮುಚ್ಚಳ ಅಂಟಿಸಿ ಅಂದರು. ನೇಪಾಳದ ಮೇಷ್ಟ್ರು ಒಂದು ಹೆಜ್ಜೆ ಮುಂದೆ. ಮುಚ್ಚಳದ ಕೆಳಗೆ ಸ್ಪಂಜಿನ ಚೂರಿಡಿ, ಒತ್ತಿದರೆ ಒಳಗೆ ಹೋಗುತ್ತೆ, ಬಿಟ್ಟರೆ ಮೇಲೆ ಬರುತ್ತೆ ಅಂತ ಬರೆದರು. ಅತ್ತೆಯ ಏಳನೇ ಕ್ಲಾಸಿನಲ್ಲಿ ಮೂವತ್ತೆಂಟು ಹುಡುಗಿಯರು. ಹೂ ಕಟ್ಟುವವರ, ಬಟ್ಟೆ ಹೊಲಿಯುವವರ, ಊದುಬತ್ತಿ ಹೊಸೆಯುವವರ ಮಕ್ಕಳು. ತಲೆಗೆ ಇಪ್ಪತ್ತಾರು ಅಕ್ಷರ. ಲೆಕ್ಕದ ಟೀಚರಲ್ಲವೇ, ಒಂಬೈನೂರ ಎಂಬತ್ತೆಂಟು ಮುಚ್ಚಳ ಬೇಕು ಅಂತ ಬಾಯಲ್ಲೇ ಹೇಳಿಬಿಟ್ಟರು. ಬಾರ್ ಮುಂದೆ ನಿಲ್ಲದೆ ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ!

ಆ ಮುಚ್ಚಳಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅಮ್ಮ ಸಂಡಿಗೆ ಇಡುತ್ತಿದ್ದ ಪಂಚೆಯ ಮೇಲೇ ತಾರಸಿಯಲ್ಲಿ ಒಣಗಿಸಿದರು. ಅಮ್ಮ ಎರಡು ದಿನ ಅತ್ತೆಯ ಹತ್ತಿರ ಮಾತು ಬಿಟ್ಟರು.

ಇಷ್ಟಾದ ಮೇಲೆ ನಿಮಗೊಂದು ಗುಟ್ಟು ಹೇಳಬೇಕು. ಆ ಶಾಲೆಯಲ್ಲಿ ನಿಜವಾದ ಕಂಪ್ಯೂಟರ್ ಇರಲಿಲ್ಲ ಅಂದುಕೊಂಡಿರಾ? ಇತ್ತು! ಯಾರೋ ಪುಣ್ಯಾತ್ಮರು ದಾನ ಮಾಡಿದ್ದು, ಹೆಡ್ ಮೇಡಂ ರೂಮಿನಲ್ಲಿ ಬೀಗದೊಳಗಿತ್ತು. ಮುಟ್ಟಿದರೆ ಕೆಟ್ಟುಹೋಗುತ್ತೆ ಅನ್ನೋದು ಮೇಡಂ ಭಯ. ಆಯುಧಪೂಜೆ ದಿನ ಮಾತ್ರ ದರ್ಶನ. ಒಂದು ವರ್ಷ ಮೇಡಂ ಭಕ್ತಿ ಹೆಚ್ಚಾಗಿ, ಒಂದೊಂದು ಕೀಲಿಗೂ ಬಿಡದೆ ಅರಿಶಿನ ಕುಂಕುಮ ಕಲಸಿ ಹಚ್ಚಿದರು. ಎ ಯಾವುದು ಬಿ ಯಾವುದು ದೇವರಿಗೇ ಗೊತ್ತಾಗಬೇಕು! ಒಂದು ವಾರ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಅದನ್ನೆಲ್ಲ ಕೆರೆದು ತೆಗೆದವರು ನಮ್ಮ ಅತ್ತೆ. "ಕೈಯಾರೆ ಮುಟ್ಟೋಕೆ ನನಗಾದ್ರೂ ಒಂದು ನೆಪ ಸಿಕ್ತು ಬಿಡು" ಅಂದಿದ್ದರು.

ಹೀಗಿರುವಾಗ ಜನವರಿಯಲ್ಲಿ ಇನ್‌ಸ್ಪೆಕ್ಷನ್ ಬಂತು. ಕಂಪ್ಯೂಟರ್ ಉಪಯೋಗಿಸದಿದ್ದರೆ ಬೇರೆ ಶಾಲೆಗೆ ಸಾಗಿಸಿಬಿಡುತ್ತಾರೆ ಅಂತ ಸುದ್ದಿ. ಹೆಡ್ ಮೇಡಂ ಬೆವೆತುಹೋದರು. "ನಮ್ಮಲ್ಲಿ ಯಾರಿಗಾದ್ರೂ ಬರುತ್ತೇನ್ರೀ ಇದು?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರಂತೆ. ಅತ್ತೆ, "ನನ್ನ ಏಳನೇ ಕ್ಲಾಸಿಗೆ ಪೂರ್ತಿ ಬರುತ್ತೆ" ಅಂದುಬಿಟ್ಟರು.

ಮನೆಗೆ ಬಂದ ಮೇಲೆ ಅವರಿಗೂ ಅಳುಕು. ಊಟ ಸೇರಲಿಲ್ಲ. "ಅದು ಹೋದ್ರೆ ಆಯ್ತು ಕಣೋ, ಈ ಮಕ್ಕಳ ಜನ್ಮದಲ್ಲಿ ಮತ್ತೆ ಇನ್ನೊಂದು ಬರಲ್ಲ. ನಾಳೆ ನೀನು ಬಂದು ಅದನ್ನ ಆನ್ ಮಾಡಿಕೊಡು, ನಮ್ಮಲ್ಲಿ ಯಾರಿಗೂ ಸ್ವಿಚ್ ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಹೋದೆ. ಒಳ್ಳೆ ತಮಾಷೆ ನೋಡೋಕೆ ಸಿಕ್ಕಿತು ಅಂತಲೇ ಹೋದೆ, ಸುಳ್ಳು ಯಾಕೆ ಹೇಳಲಿ?

ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರು ಕುರ್ಚಿಯಲ್ಲಿ ಕೂತರು. ನಾನು ಆನ್ ಮಾಡಿದೆ. ಅತ್ತೆ ಗೀತಾ ಅನ್ನೋ ಹುಡುಗಿಯನ್ನು ಕರೆದು, "ನಿನ್ನ ಹೆಸರು ಟೈಪ್ ಮಾಡಮ್ಮ" ಅಂದರು. ಎರಡು ಜಡೆಯ ಮಗು. ಕೀಲಿಮಣೆಯ ಮೇಲೆ ಹತ್ತೂ ಬೆರಳು ಇಟ್ಟ ಚೆಂದ ನೋಡಿ ಸಾಹೇಬರ ಹುಬ್ಬು ಮೇಲೇರಿತು. ಗೀತಾ ಮೊದಲ ಅಕ್ಷರ ಜಿ ಒತ್ತಿದಳು. ಸ್ಪಂಜಿನ ಮೇಲಿನ ಮುಚ್ಚಳವನ್ನು ಒತ್ತಿ ಹಿಡಿದು ಅಭ್ಯಾಸ, ಹಾಗೇ ಒತ್ತಿ ಹಿಡಿದಳು. ಪರದೆಯ ಮೇಲೆ ಒಂದು ಜಿ ಬರಬೇಕಾದ ಕಡೆ ಇಡೀ ಒಂದು ಸಾಲು ಜಿ ಓಡಿತು!

ಮಗು ಬೆಚ್ಚಿಬಿದ್ದು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. "ಕೆಟ್ಟೋಯ್ತು ಮಿಸ್... ನಾನೇ ಕೆಡಿಸ್ಬಿಟ್ಟೆ..." ಅಂತ ಅಳೋಕೇ ಶುರು.

"ಏನ್ರಮ್ಮ, ಬರುತ್ತೆ ಅಂದ್ರಲ್ಲ?" ಅಂದರು ಸಾಹೇಬರು.

ಅತ್ತೆ ಮಗುವಿನ ಹೆಗಲ ಮೇಲೆ ಕೈಯಿಟ್ಟರು. ಅವರು ಯಾವತ್ತೂ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ.

"ಸರ್, ಈ ಮಗು ಜೂನ್‌ನಿಂದ ರಟ್ಟಿನ ಮೇಲೆ ಕಲಿತಿದೆ. ರಟ್ಟು ತಪ್ಪು ತೋರ್ಸಲ್ಲ ಸರ್. ಅನುಕೂಲಸ್ಥರ ಮಕ್ಕಳು ಮನೇಲಿ ಕೂತು ದಿನಕ್ಕೆ ನೂರು ತಪ್ಪು ಮಾಡ್ತಾವೆ, ಅಳಿಸ್ತಾವೆ, ಕಲೀತಾವೆ. ನನ್ನ ಮಕ್ಕಳಿಗೆ ತಪ್ಪು ಮಾಡೋಕೂ ಒಂದು ಯಂತ್ರ ಇಲ್ಲ. ಇದು ಇವಳ ಮೊದಲನೇ ತಪ್ಪು ಸರ್. ದಯವಿಟ್ಟು ಇದನ್ನ ತಗೊಂಡು ಹೋಗ್ಬೇಡಿ."

ಸಾಹೇಬರು ಕುರ್ಚಿ ಎಳೆದುಕೊಂಡು ಮಗುವಿನ ಪಕ್ಕ ಕೂತರು. "ಏನೂ ಕೆಟ್ಟಿಲ್ಲ ಪುಟ್ಟಿ. ಅಳಿಸೋದು ಇದು, ಒತ್ತು. ಹಾಂ. ಈಗ ಇನ್ನೊಂದ್ಸಲ ಬರಿ, ಮೆತ್ತಗೆ." ಎದ್ದು ಹೋಗುವಾಗ ಹೆಡ್ ಮೇಡಂಗೆ ಒಂದೇ ಮಾತು ಹೇಳಿದರು. "ಇದು ಇಲ್ಲೇ ಇರಲಿ. ಬೀಗ ಮಾತ್ರ ಬೇಡ."

ಅವತ್ತು ಸಾಯಂಕಾಲ ಗಂಟೆ ಹೊಡೆಯುವ ತನಕ ಆ ಹುಡುಗಿಯರು ಕಾರಿಡಾರಿನ ಉದ್ದಕ್ಕೂ ಸಾಲು ನಿಂತಿದ್ದರು. ಒಬ್ಬೊಬ್ಬರಾಗಿ ಒಳಗೆ ಬಂದರು, ಸಾಲುಗಟ್ಟಲೆ ಅಕ್ಷರ ಓಡಿಸಿದರು, ಕಿಸಕಿಸ ನಕ್ಕರು, ಅಳಿಸಿದರು. ಹೆಡ್ ಮೇಡಂ ಬಾಗಿಲ ಹತ್ತಿರ ನಿಂತು ಪ್ರತಿಯೊಬ್ಬಳಿಗೂ "ನಿಧಾನ, ನಿಧಾನ" ಅನ್ನುತ್ತಿದ್ದರು.

ಅಲ್ಲಿಂದ ಸೀದಾ ಬ್ರೌಸಿಂಗ್ ಸೆಂಟರಿಗೆ ಹೋದೆವು. ಅವತ್ತು ಅತ್ತೆ ಸೆಖೆಯ ಮಾತೆತ್ತಲಿಲ್ಲ, ಕೆಮ್ಮು ಕೇಳಲಿಲ್ಲ.

"ಬರಿ. ಪ್ರೀತಿಯ ಸೋದರಿಗೆ, ಸೋದರನಿಗೆ. ಇವತ್ತು ನನ್ನ ಮೂವತ್ತೆಂಟು ಮಕ್ಕಳೂ ತಪ್ಪು ಮಾಡಿದರು. ಒಬ್ಬಳೂ ಬಿಡಲಿಲ್ಲ. ನನಗೆ ತುಂಬ ಸಂತೋಷವಾಗಿದೆ."

ನನ್ನ ಬೆರಳು ನಿಂತುಹೋಯಿತು. ಇಷ್ಟು ದಿನ ಈ ಹೆಂಗಸನ್ನು ಆಡಿಕೊಂಡು ನಗುತ್ತಿದ್ದೆನಲ್ಲ! ಪರದೆ ಮಂಜಾಗಿ ಅಕ್ಷರ ಕಾಣಿಸಲಿಲ್ಲ.

ಅತ್ತೆ ಸೆರಗಿನ ತುದಿ ನನ್ನ ಕೈಗೆ ಕೊಟ್ಟರು. "ಒರೆಸ್ಕೊಂಡು ಟೈಪ್ ಮಾಡೋ. ಅವರಿಬ್ಬರೂ ಕಾಯ್ತಿರ್ತಾರೆ."