ಮೂಲೆಯ ಕಂಪ್ಯೂಟರಿನಲ್ಲಿ ಮತ್ತೆ ಮೊದಲಿನಿಂದ

ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಬಂದವರಿಗೆಲ್ಲ "ಈ ಆಟ ಒಮ್ಮೆ ಆಡಿ ನೋಡಿ" ಎನ್ನುವ ಚಾಳಿ ಇರುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಕೊಡೆ ಮಡಚಿ ಒಳಗೆ ಬರುತ್ತದೆ.

ಬಂದರಿನಲ್ಲಿ, ಒಣಮೀನಿನ ಗೋದಾಮಿನ ಪಕ್ಕ ನಮ್ಮ ಅಂಗಡಿ. ಒಂದು ಕಾಲದಲ್ಲಿ ಸೈಬರ್ ಕೆಫೆ. ಶಾಲೆ ಬಿಟ್ಟ ಕೂಡಲೇ ಒಂದೊಂದು ಕುರ್ಚಿಯಲ್ಲಿ ಇಬ್ಬಿಬ್ಬರು ಮಕ್ಕಳು, ಹಿಂದೆ ನಿಂತು ಸಲಹೆ ಕೊಡುವವರು ಬೇರೆ. ಆ ಗಲಾಟೆ ನೆನೆದರೆ ಈಗಲೂ ಕಿವಿಗೆ ಹಿತ. ಆಮೇಲೆ ಎಲ್ಲರ ಕೈಗೂ ಫೋನ್ ಬಂತು, ಕಂಪ್ಯೂಟರುಗಳು ಗುಜರಿಗೆ ಹೋದವು, ನಾವು ಝೆರಾಕ್ಸಿಗೆ ಇಳಿದೆವು. ಉಳಿದದ್ದು ಮೂಲೆಯದ್ದೊಂದೇ. ಅದರಲ್ಲಿ ನನ್ನ ಮೆಚ್ಚಿನ ಇಂಡಿ ಆಟಗಳು. ಅಂದರೆ ದೊಡ್ಡ ಕಂಪೆನಿಯ ಹಂಗಿಲ್ಲದೆ ಒಬ್ಬರೋ ಇಬ್ಬರೋ ಮನೆಯಲ್ಲೇ ಕೂತು ಮಾಡಿದವು. ನನ್ನ ಪರೀಕ್ಷೆ ಒಂದೇ: ಆಟ ನಿನ್ನೆಯ ಮೀನು ಸಾರಿನ ಹಾಗಿರಬೇಕು, ಎರಡನೇ ಸಲಕ್ಕೆ ಹೆಚ್ಚು ರುಚಿಸಬೇಕು.

ಈ ಸಲ ಮಳೆಗಾಲ ಶುರುವಾಗುವಾಗ ನನ್ನ ಹೆಂಡತಿ, ಅಂದರೆ ಅಂಗಡಿಯ ನಿಜವಾದ ಯಜಮಾನಿ, ತೀರ್ಪು ಕೊಟ್ಟಳು. "ಲ್ಯಾಮಿನೇಶನ್ ಮೆಷಿನ್ ಬರ್ತದೆ. ಮಳೆ ಮುಗಿಯುವುದರೊಳಗೆ ಆ ಮೂಲೆ ಖಾಲಿ ಆಗ್ಬೇಕು."

"ಅದಕ್ಕೂ ಗಿರಾಕಿಗಳಿದ್ದಾರೆ ಮಾರಾಯ್ತಿ."

"ಎಲ್ಲಿದ್ದಾರೆ? ತೋರಿಸಿ ನೋಡುವ."

ಆವತ್ತಿನಿಂದ ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಗಿರಾಕಿ ಹುಡುಕಲು ಕೂತೆ.

ದಡದಲ್ಲಿ ಕಟ್ಟಿದ ದೋಣಿ

ಮೊದಲು ಸಿಕ್ಕಿದ್ದು ಮೀನುಗಾರಿಕೆಯ ಬೋಟು ನಡೆಸುವ ತಾಂಡೇಲರು. ಮಳೆಗಾಲದ ರಜೆ, ಬೋಟುಗಳೆಲ್ಲ ದಡದ ದಕ್ಕೆಗೆ ಕಟ್ಟಿ ನಿಂತಿದ್ದವು. ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದವರು, "ಹೊತ್ತೇ ಹೋಗುವುದಿಲ್ಲ ಮಾರಾಯ್ರೆ" ಎಂದರು. ಮೀನು ಹಿಡಿಯುವ ಆಟವೊಂದನ್ನು ಹಾಕಿಕೊಟ್ಟೆ. ಮೊದಲ ದಿನವೇ ಬುಟ್ಟಿ ತುಂಬ ಮೀನು. ಮನುಷ್ಯ ಮಗುವಿನ ಹಾಗೆ ನಕ್ಕರು.

ಮರುದಿನ ನೋಡಿದರೆ ಪರದೆಯಲ್ಲಿ ದೋಣಿ ದಡದಲ್ಲಿ, ಇವರು ಕೈಕಟ್ಟಿ ಕುರ್ಚಿಯಲ್ಲಿ.

"ಎಂತಾಯ್ತು? ಹ್ಯಾಂಗ್ ಆಯ್ತಾ?"

"ಇಲ್ಲ. ಆಟದಲ್ಲಿಯೂ ಮಳೆಗಾಲ ಶುರು ಆಯ್ತು."

"ಅಯ್ಯೋ, ದೊಡ್ಡ ಮೀನು ಸಿಗುವುದೇ ಈಗ!"

"ಮೊಟ್ಟೆ ಇಡುವ ಸಮಯದಲ್ಲಿ ಬಲೆ ಹಾಕುವುದಾ? ಆಮೇಲೆ ತಿನ್ನುವುದು ಎಂತ, ನಿಮ್ಮ ಝೆರಾಕ್ಸಾ?"

ಹೊರಗೂ ಮಳೆ, ಪರದೆಯಲ್ಲೂ ಮಳೆ. ಅವರು ದಿನಾ ಬಂದು, ಕಟ್ಟಿ ಹಾಕಿದ ದೋಣಿಯನ್ನು ನೋಡಿಕೊಂಡು ಹೋಗುತ್ತಿದ್ದರು. ಹೆಂಡತಿ ಹೇಳಿದಳು, "ಒಳ್ಳೆ ಗಿರಾಕಿ. ದಕ್ಕೆಯಲ್ಲಿ ಪುಕ್ಕಟೆ ಸಿಗುವ ರಜೆಯನ್ನು ನಮ್ಮಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಮಾಡ್ತಿದ್ದಾರೆ."

ಎದ್ದು ಬರುವವನು

ನನಗೆ ಗಣಿತ ಕಲಿಸಿದ ಟೀಚರ್ ಕುಲಶೇಖರದಿಂದ ಬಸ್ಸಿನಲ್ಲಿ ಬಂದರಿಗೆ ಮೀನಿಗೆ ಬರುತ್ತಾರೆ. ಬಂದಾಗ ಮೀನಿನ ಚೀಲವನ್ನು ನಮ್ಮ ಬಾಗಿಲಿಗೆ ತೂಗುಹಾಕಿ, ಪ್ರಾರ್ಥನಾಕೂಟದ ಹಾಡಿನ ಹಾಳೆಗಳನ್ನು ಝೆರಾಕ್ಸ್ ಮಾಡಿಸುವುದು ವಾಡಿಕೆ. ನಿವೃತ್ತರಾದ ಮೇಲೂ ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಪಾಠ ಮಾಡುತ್ತಾರೆ. ಲೆಕ್ಕದ ತಲೆಗೆ ಸರಿಹೋದೀತು ಎಂದು ಗುಹೆಯ ಆಟ ಕೊಟ್ಟೆ. ಅದರ ನಾಯಕ ಸತ್ತರೆ ಮತ್ತೆ ಗುಹೆಯ ಬಾಗಿಲಿನಿಂದ ಶುರು.

ನಾಯಕ ಸತ್ತ. ಟೀಚರ್ ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ ಅವನ ಆತ್ಮಕ್ಕೆ ಪ್ರಾರ್ಥಿಸಿದರು. ಕಣ್ಣು ಬಿಟ್ಟರೆ ಅವನು ಗುಹೆಯ ಬಾಗಿಲಲ್ಲಿ ಕುಣಿಯುತ್ತಿದ್ದಾನೆ!

"ಎಂತ ಇದು ಮಾರಾಯ? ಸತ್ತು ತಾನಾಗಿಯೇ ಎದ್ದು ಬಂದವ ಒಬ್ಬನೇ ಅಂತ ನಾನು ಮಕ್ಕಳಿಗೆ ಕಲಿಸುವುದು. ಅವನಿಗೂ ಮೂರು ದಿನ ಬೇಕಾಯ್ತು!"

"ಅದೇ ಗಮ್ಮತ್ತು ಟೀಚರ್. ಪ್ರತಿ ಸಲ ದಾರಿ ಬೇರೆ ಉಂಟು."

ಗಮ್ಮತ್ತು ಅವರಿಗೂ ಹತ್ತಿತು. ಆದರೆ ಪ್ರಾರ್ಥನೆ ಬಿಡಲಿಲ್ಲ. ಅವನು ಸಾಯುವುದು, ಇವರು ಕಣ್ಣು ಮುಚ್ಚುವುದು. ಒಂದು ದಿನ ಝೆರಾಕ್ಸಿಗೆ ಬಂದವರೊಬ್ಬರು ಇದನ್ನು ನೋಡಿ ಚಪ್ಪಲಿ ಕಳಚಿ, ತಲೆ ತಗ್ಗಿಸಿ ನಿಂತರು. ಆಮೇಲೆ ನನ್ನ ಕಿವಿಯಲ್ಲಿ ಕೇಳಿದರು, "ಪಾಪ, ಹತ್ತಿರದ ಸಂಬಂಧವಾ?"

ಕೊನೆಯ ಗಿರಾಕಿ

ಮಳೆ ಕಡಿಮೆಯಾಯಿತು. ತಾಂಡೇಲರು ನಿಜವಾದ ಕಡಲಿಗೆ ಹೋದರು. ಟೀಚರ್ ಮಂಡಿನೋವೆಂದು ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಮರುದಿನ ಮೆಷಿನ್ ಬರುವುದಿತ್ತು. ಮೂಲೆ ಒರೆಸಲು ಹೋದೆ. ಮೇಜಿನ ಅಂಚಿನಲ್ಲಿ ಯಾವುದೋ ಕಾಲದ ಮಕ್ಕಳು ಕೈವಾರದಿಂದ ಗೀಚಿದ ಹೆಸರುಗಳು. ಆವತ್ತು ಬೈದಿದ್ದೆ, ಈಗ ಬಟ್ಟೆ ಮುಂದಕ್ಕೆ ಹೋಗಲಿಲ್ಲ. ತುಂಬ ಬೇಜಾರಾಯಿತು.

ಹೆಂಡತಿ ನೋಡಿದಳು. "ಸಾಕು ಅಳುಮೋರೆ. ಯಾವುದಾದರೂ ಒಂದು ಹಾಕಿ, ನಾನೂ ಆಡ್ತೇನೆ. ಒಂದೇ ಸಲ."

ಸಣ್ಣ ಅಂಗಡಿ ನಡೆಸುವ ಆಟ ಹಾಕಿಕೊಟ್ಟೆ. ಆ ಅಂಗಡಿ ಬೇಗನೆ ಮುಳುಗಿತು. "ಛೆ, ಸಾಮಾನು ಇಟ್ಟ ಜಾಗವೇ ತಪ್ಪು" ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಅದೂ ಮುಳುಗಿತು. ಮತ್ತೊಮ್ಮೆ ಶುರು. ಮಧ್ಯಾಹ್ನದ ಊಟಕ್ಕೆ ಕರೆದರೆ ಕೇಳಿಸಲಿಲ್ಲ. ಒಳಗೊಳಗೇ ನನಗೆ ಹಬ್ಬ.

ಸಂಜೆಗೆ ಕೂಗಿದಳು, "ಲಾಭ ಬಂತು!"

"ಹೇಗೆ?"

"ಬಾಗಿಲ ಹತ್ತಿರ ಒಬ್ಬ ಕೂತು ಗಿರಾಕಿಗಳ ಹತ್ತಿರ ಬರೀ ಪಟ್ಟಾಂಗ ಹೊಡೀತಿದ್ದ. ಅವನ ಕುರ್ಚಿ ತೆಗೆದೆ, ಅಷ್ಟೇ."

ಮರುದಿನ ಮೆಷಿನ್ ತಂದವರು "ಎಲ್ಲಿ ಇಡುವುದು ಅಕ್ಕಾ?" ಎಂದು ಕೇಳಿದರು.

"ಮೂಲೆಯ ಕಂಪ್ಯೂಟರ್ ಮುಟ್ಟಬೇಡಿ, ಅದರಲ್ಲಿ ನನ್ನ ಅಂಗಡಿ ಉಂಟು" ಎಂದಳು ಹೆಂಡತಿ. ಆಮೇಲೆ ಬಾಗಿಲ ಹತ್ತಿರದ ನನ್ನ ಕುರ್ಚಿಗೆ ಕೈ ತೋರಿಸಿದಳು. "ಅದನ್ನು ತೆಗೆದು ಮೆಷಿನ್ ಅಲ್ಲಿಡಿ."

ಹಾಗಾಗಿ ಕಂಪ್ಯೂಟರ್ ಉಳಿದಿದೆ. ಒಳ್ಳೆಯ ಆಟ ಬೇಕಾದವರು ಈಗಲೂ ಬರಬಹುದು. ನಾನು ನಿಂತುಕೊಂಡೇ ಹೇಳುತ್ತೇನೆ.