ಬಂದೂಕಿಗೆ ಕಾವಲು

ಮನೆ ಕಾಯುವುದಕ್ಕೆ ನಾಯಿ ಸಾಕಿದವರಿದ್ದಾರೆ, ವಾಚ್‌ಮನ್ ಇಟ್ಟವರಿದ್ದಾರೆ. ಈಚೆಗೆ ಬಾಗಿಲ ಮೇಲೆ ಕ್ಯಾಮೆರಾ ಕೂರಿಸಿ, ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಪಕ್ಕದ ಮನೆಯ ಬೆಕ್ಕು ಓಡಾಡುವುದನ್ನು ನೋಡುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಇದ್ದದ್ದು ಬಂದೂಕು. ಅದು ನಮ್ಮನ್ನು ಕಾಯಲಿ ಎಂದು ಅಪ್ಪ ತಂದಿಟ್ಟರು. ಅವರು ಹೋದ ಮೇಲೆ ಅದನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ನಾನೋ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ಹಲ್ಲಿ ಕಂಡರೂ ಪೊರಕೆ ಹಿಡಿಯದೆ, ಅದು ತಾನಾಗಿ ಹೋಗಲಿ ಎಂದು ಇನ್ನೊಂದು ಕೋಣೆಗೆ ಹೋಗಿ ಕೂರುವ ಜಾತಿ. ಅಂಥವನ ಹೆಸರಿನಲ್ಲಿ ಬಂದೂಕಿನ ಲೈಸೆನ್ಸು ಇತ್ತು ಎಂದರೆ ನಮ್ಮ ಬೀದಿಯವರೇ ನಂಬುತ್ತಿರಲಿಲ್ಲ.

ಒಂದು ಕಾಲಕ್ಕೆ ಜಕ್ಕೂರಿನಲ್ಲಿ ನಮ್ಮದೊಂದು ದ್ರಾಕ್ಷಿ ತೋಟವಿತ್ತು. ಹಗಲಿಗೆ ಗಿಳಿಗಳ ಕಾಟ, ಕತ್ತಲಾದರೆ ಕಳ್ಳರ ಕಾಟ. ಅಪ್ಪ ಈ ರೈಫಲ್ಲಿನಿಂದ ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಎರಡು ಪಂಗಡವೂ ಓಡುತ್ತಿತ್ತಂತೆ. ಕಳ್ಳರು ಮಾನವಂತರು, ಆ ರಾತ್ರಿಯೆಲ್ಲ ಈ ಕಡೆ ತಲೆ ಹಾಕುತ್ತಿರಲಿಲ್ಲ. ಗಿಳಿಗಳು ಮಾತ್ರ ಅಪ್ಪ ಬೆನ್ನು ತಿರುಗಿಸುವುದರೊಳಗೆ ಹಾಜರು. ಈಗ ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ದ್ರಾಕ್ಷಿ ಅದರ ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಉಳಿದಿದೆ. ಹೋದ ವರ್ಷ ಅದರ ಸೆಕ್ರೆಟರಿ ಯಲಹಂಕದ ನಮ್ಮ ಮನೆ ಹುಡುಕಿಕೊಂಡು ಬಂದು, "ಅಂಕಲ್, ಬಾಲ್ಕನಿ ತುಂಬ ಪಾರಿವಾಳ. ನಿಮ್ ಹತ್ರ ಗನ್ ಇದೆಯಂತಲ್ಲ, ಒಂದ್ಸಲ ಸುಮ್ನೆ ಗಾಳೀಲಿ ಹೊಡೀತೀರಾ?" ಎಂದ. ಪಾರಿವಾಳ ಹೋಗಿ ಪೊಲೀಸರು ಬರುತ್ತಾರಪ್ಪ ಎಂದು ಕಾಫಿ ಕೊಟ್ಟು ಕಳಿಸಿದೆ.

ಅಪ್ಪನದೊಂದು ಕಟ್ಟಪ್ಪಣೆ ಇತ್ತು: ಬಂದೂಕಿರುವ ಮನೆಗೆ ಬೀಗ ಹಾಕಬಾರದು. ಕಳ್ಳನ ಕೈಗೆ ಸಿಕ್ಕಿ ಅವನು ಎಲ್ಲಾದರೂ ಢಂ ಅನ್ನಿಸಿದರೆ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ. ಹೀಗಾಗಿ, ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ, ನಾನು ಮತ್ತು ನನ್ನ ಹೆಂಡತಿ ಶಾಂತಾ ಸರದಿಯ ಮೇಲೆ ಮನೆಯಲ್ಲಿ ಉಳಿಯತೊಡಗಿದೆವು. ಸೋಲದೇವನಹಳ್ಳಿಯ ನಾಮಕರಣಕ್ಕೆ ಅವಳು ಹೋದರೆ ಶೆಟ್ಟಿಹಳ್ಳಿಯ ಗೃಹಪ್ರವೇಶಕ್ಕೆ ನಾನು. ನೆಂಟರ ಯಾವ ಮದುವೆಯ ಆಲ್ಬಮ್ ತೆಗೆದರೂ ನಾವಿಬ್ಬರೂ ಒಂದೇ ಫೋಟೋದಲ್ಲಿಲ್ಲ. ಗಂಡ ಹೆಂಡತಿಗೆ ಮಾತು ಬಿಟ್ಟಿದೆ ಎಂದು ಅವಳ ತವರಿನ ಕಡೆ ಸುದ್ದಿ ಹಬ್ಬಿ, ನಮ್ಮನ್ನು ರಾಜಿ ಮಾಡಿಸಲು ಅವಳ ಸೋದರಮಾವ ಹಣ್ಣು ಹಿಡಿದುಕೊಂಡು ಬಂದಿದ್ದರು.

ಬಂದೂಕಿಗೆ ರಜ ಸಿಗುತ್ತಿದ್ದದ್ದು ಚುನಾವಣೆಗೆ ಮಾತ್ರ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಮನೆ ಹಗುರ. ಆದರೆ ಮೇಷ್ಟ್ರಿಗೆ ಅದೇ ಹೊತ್ತಿಗೆ ಚುನಾವಣೆ ಡ್ಯೂಟಿ! ನಿವೃತ್ತನಾದ ಮೇಲಾದರೂ ಇಬ್ಬರೂ ಒಟ್ಟಿಗೆ ಎಲ್ಲಾದರೂ ಹೋಗೋಣವೆಂದರೆ ಒಂದು ಚುನಾವಣೆಗೆ ಮಗಳ ಬಾಣಂತನ ಬಂತು, ಇನ್ನೊಂದಕ್ಕೆ ನನ್ನ ಮಂಡಿ ಕೈಕೊಟ್ಟಿತು. ಶಾಂತಾಗೆ ರಾಜಕೀಯದ ಗಂಧಗಾಳಿ ಇಲ್ಲ. ಆದರೂ ಟಿವಿಯಲ್ಲಿ ಶಾಸಕರು ಮುನಿಸಿಕೊಂಡರೆ ಸಾಕು, ಒಗ್ಗರಣೆ ಬಿಟ್ಟು ಓಡಿ ಬಂದು, "ಸರ್ಕಾರ ಬೀಳುತ್ತೇನ್ರೀ?" ಎಂದು ಆಸೆಯಿಂದ ಕೇಳುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ, ನಾವಿಬ್ಬರೂ ಒಟ್ಟಿಗೆ ಸಮುದ್ರ ನೋಡಬೇಕು. ತಂಗಿಯ ಜೊತೆ ಹೋಗಿ ಬಾ ಎಂದರೆ, "ನೀವಿಲ್ದೆ ಹೋಗಿ ನೀರು ನೋಡೋಕೆ ನಾನೇನ್ ಸನ್ಯಾಸಿನಾ?" ಎನ್ನುತ್ತಿದ್ದಳು.

ಈ ಸಲದ ಆಯುಧಪೂಜೆಗೆ ಬಂದೂಕನ್ನು ಬೀರುವಿನಿಂದ ಎತ್ತಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಬಗ್ಗಿದಂತೆಯೇ ನಿಂತೆ. ದೇವರಿಗೆ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ಶಾಂತಾ ಮಂಗಳಾರತಿಯನ್ನೂ ಮುಗಿಸಿಬಿಟ್ಟಳು. ಆಮೇಲೆ ಮುಲಾಮು ಹಚ್ಚುತ್ತಾ ಕೂತವಳು ಇದ್ದಕ್ಕಿದ್ದಂತೆ, "ನಮ್ ಕಾಲು ಗಟ್ಟಿ ಇರೋದ್ರೊಳಗೆ ಸಮುದ್ರ ತೋರಿಸ್ತೀರೋ ಇಲ್ವೋ, ಅದನ್ನ ಹೇಳ್ಬಿಡಿ" ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ. ಮೆಲ್ಲಗೆ ಹೇಳಿದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಮಾರಿಬಿಡೋಣ ಎಂದೆ.

ಎಂದೆನೇ ಹೊರತು, ಅಪ್ಪನ ವಸ್ತು ಮಾರುವುದು ಹೇಗೆ? ಜಕ್ಕೂರಿನ ಹಳೇ ಊರಿನಲ್ಲಿರುವ ಚಿಕ್ಕಪ್ಪನನ್ನು ಕೇಳಲು ಹೋದೆ. ಅಪ್ಪನ ತಲೆಮಾರಿನಲ್ಲಿ ಉಳಿದಿರುವವರು ಅವರೊಬ್ಬರೇ. ಬೈಸಿಕೊಳ್ಳಲು ಸಿದ್ಧನಾಗಿ ಹಿಂಜರಿಯುತ್ತಲೇ ವಿಷಯ ತೆಗೆದೆ. ಚಿಕ್ಕಪ್ಪ ಎಲೆಗೆ ಸುಣ್ಣ ಸವರುತ್ತಾ, "ಅಯ್ಯೋ, ನಿಮ್ಮಪ್ಪನೂ ಮಾರ್ಬುಡಾನ ಅಂತ ಊರೆಲ್ಲಾ ತಿರುಗ್ದ ಕಣಪ್ಪಾ. ಇಂಥಾ ಅಳೇದ್ನ ಯಾರ್ ತಕಂತಾರೆ? ಕೊನೀಗೆ, ಓಗ್ಲಿ, ಮಗನಿಗಿರ್ಲಿ ಬುಡು ಅಂದ" ಎಂದರು. ಪಿತ್ರಾರ್ಜಿತ ಎಂದು ನಾನು ಎದೆಗೆ ಅವಚಿಕೊಂಡಿದ್ದು ಅಪ್ಪನಿಗೆ ಮಾರಾಟವಾಗದೆ ಉಳಿದ ಮಾಲು! ಆ ಕ್ಷಣ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಚಿಕ್ಕಪ್ಪನ ಕಾಲಿಗೆ ಬಿದ್ದು ಬಂದೆ.

ಠಾಣೆಗೆ ತಿಳಿಸಿ, ಬೇಕಾದ ಕಾಗದವೆಲ್ಲ ಮಾಡಿಸಿ, ಬಂದೂಕಿಗೆ ಹಳೇ ಬೆಡ್‌ಶೀಟು ಸುತ್ತಿ, ಪೇಟೆಯ ಬಂದೂಕಿನ ಅಂಗಡಿಗೆ ಕ್ಯಾಬಿನಲ್ಲಿ ಹೊರಟೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಅಲ್ಲಾಡದೆ ನಿಂತಾಗ ಕ್ಯಾಬ್ ಓಡಿಸುತ್ತಿದ್ದ ಹುಡುಗ ಹಿಂದೆ ತಿರುಗಿ, "ಏನ್ ಸಾರ್ ಅದು, ಇಷ್ಟುದ್ದ?" ಎಂದ. ನಾನು ಬೆಡ್‌ಶೀಟನ್ನು ಇನ್ನಷ್ಟು ಬಿಗಿಯಾಗಿ ಸುತ್ತತೊಡಗಿದೆ. ಶಾಂತಾ ಮಾತ್ರ, "ತಂಬೂರಿ ಕಣಪ್ಪಾ, ಶ್ರುತಿ ಕೆಟ್ಟಿದೆ" ಎಂದು ಕಿಟಕಿಯಾಚೆ ನೋಡಿದಳು. ಇಷ್ಟು ಸಲೀಸಾಗಿ ಸುಳ್ಳು ಹೇಳುವವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅಂಗಡಿಯ ಯಜಮಾನರು ಕನ್ನಡಕ ಏರಿಸಿ ನಳಿಗೆಯೊಳಗೆ ಇಣುಕಿದರು. ಟಾರ್ಚು ತರಿಸಿ ಮತ್ತೆ ಇಣುಕಿದರು. ಆಮೇಲೆ ಉದ್ದನೆಯ ಸಲಾಕೆ ಹಾಕಿ ಕೆದಕತೊಡಗಿದರು. ಮೊದಲು ಉದುರಿದ್ದು ಗಟ್ಟಿಯಾದ ಅರಿಸಿನ ಕುಂಕುಮ, ಹಿಂದೆಯೇ ಅಕ್ಷತೆ, ಅದರ ಹಿಂದೆ ಊದುಬತ್ತಿಯ ಕಡ್ಡಿಗಳ ಮೋಟು. ಪೂಜೆಯ ದಿನ ಬಂದೂಕನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು ನಮ್ಮ ಪದ್ಧತಿ. ಊದುಬತ್ತಿ ಸಿಕ್ಕಿಸಲು ಶಾಂತಾಗೆ ನಳಿಗೆಯ ಬಾಯಿ ಅನುಕೂಲವಾಗಿ ಕಂಡಿತ್ತು. ಅವಳಿಗಿಂತ ಮುಂಚೆ ನಮ್ಮಮ್ಮನಿಗೂ ಹಾಗೆಯೇ ಕಂಡಿತ್ತು. "ಯಜಮಾನ್ರೇ, ಇದು ಬಂದೂಕಾಗಿ ಉಳಿದಿಲ್ಲ, ದೇವರಾಗೋಗಿದೆ. ಹೊಡೆದಿದ್ರೆ ನಿಮ್ ಮುಖಕ್ಕೇ ಸಿಡೀತಿತ್ತು" ಎಂದರು ಅಂಗಡಿಯವರು. ಆ ಪಾರಿವಾಳದ ಸೆಕ್ರೆಟರಿಯ ಮಾತು ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ಯೋಚಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹಿಡಿಯ ಮರ ಚೆನ್ನಾಗಿದೆ, ಬಿಡಿಭಾಗಕ್ಕಾದರೂ ಆಗುತ್ತದೆ ಎಂದು ಅವರು ಒಳಗೆ ತೆಗೆದುಕೊಂಡರು. ಶಾಂತಾ ಬೆಡ್‌ಶೀಟು ಮಡಿಸಿ ವಾಪಸು ತಂದಳು.

ಮುಂದಿನ ವಾರವೇ ಮನೆಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಯಶವಂತಪುರದಲ್ಲಿ ಮಂಗಳೂರಿನ ಹಗಲು ರೈಲು ಹತ್ತಿದೆವು. ಒಂದೇ ಸೀಟಿನಲ್ಲಿ, ಅಕ್ಕಪಕ್ಕ! ನನ್ನ ಉತ್ಸಾಹ ಕೇಳಬೇಡಿ. ಕಂಡ ನಿಲ್ದಾಣದಲ್ಲೆಲ್ಲ ಇಳಿದೆ. ನೀರು ತಂದೆ, ಸೌತೆಕಾಯಿ ತಂದೆ, ಬೇಡವೆಂದರೂ ಕಡಲೆಕಾಯಿ ತಂದೆ. ಹಾಸನದಲ್ಲಿ ವಡೆ ಬಿಸಿಯಾಗಿದೆಯೇ ಎಂದು ವಿಚಾರಿಸುತ್ತಾ ನಿಂತಿದ್ದಾಗ ರೈಲು ಹೊರಟೇಬಿಟ್ಟಿತು. ಮಂಡಿ ಮರೆತು ಓಡಿದೆ. ಬಾಗಿಲಲ್ಲಿದ್ದ ಇಬ್ಬರು ಪುಣ್ಯಾತ್ಮರು ನನ್ನನ್ನು ಮೂಟೆಯ ಹಾಗೆ ಒಳಗೆ ಎಳೆದು ಹಾಕಿದರು. ವಡೆ ಮಾತ್ರ ಕೈಬಿಟ್ಟಿರಲಿಲ್ಲ.

ಶಾಂತಾಳ ಮುಖ ಬಿಳುಚಿಕೊಂಡಿತ್ತು. ನನ್ನನ್ನು ಕಿಟಕಿಯ ಕಡೆಗೆ ತಳ್ಳಿ, ತಾನು ಓಡಾಡುವ ದಾರಿಯ ಕಡೆಗೆ ಕೂತು, ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಕಲೇಶಪುರ ಬರುವವರೆಗೂ ಬಿಡಲಿಲ್ಲ. ಅಲ್ಲಿ ರೈಲು ನಿಂತಾಗ ನಾನು ಒಂದಿಷ್ಟು ಅಲುಗಾಡಿದೆನೋ ಏನೋ, ಹಿಡಿತ ಬಿಗಿಯಾಯಿತು.

"ಬಂದೂಕನ್ನಾದ್ರೆ ಬೀರೂಲಿಟ್ಟು ಬೀಗ ಹಾಕ್ಬಹುದಿತ್ತು ಕಣ್ರೀ" ಎಂದಳು. "ನಿಮ್ಮನ್ನ ಏನ್ ಮಾಡ್ಲಿ?"

ನಾನು ಎರಡೂ ವಡೆಯನ್ನು ಅವಳಿಗೇ ಕೊಟ್ಟೆ.