ಎದುರು ಮನೆಗೆ ನಾನೂರು ಕಿಲೋಮೀಟರು

ಮನುಷ್ಯಕುಲದ ಮುಂದೆ ಆ ಶುಕ್ರವಾರ ಇದ್ದ ಅತಿ ಗಹನವಾದ ಪ್ರಶ್ನೆ ಒಂದೇ: ಹುಬ್ಬಳ್ಳಿಯ ಅಂಬಾಬಾಯಿಯ ಮೊದಲ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ತಲೆಗೆ ಯಾರ ಕುಂಚಿಗೆ ಕಟ್ಟಬೇಕು? ಅಂಬಾಬಾಯಿ ಕೈಯಾರೆ ಹೊಲಿದದ್ದೋ, ಮೈಸೂರಿನ ಬೀಗಿತ್ತಿ ಅಂಗಡಿಯಿಂದ ತಂದದ್ದೋ? ತೊಟ್ಟಿಲು ಸಂಜೆಗೆ, ಸೊಸೆಯ ತವರಾದ ಮೈಸೂರಿನಲ್ಲಿ. ವಿಮಾನ ಹನ್ನೊಂದಕ್ಕೆ.

ಅಂಥ ಹೊತ್ತಿನಲ್ಲೇ ಗಂಡ ಶೇಷಗಿರಿರಾಯರು ಪಡಸಾಲೆಯಲ್ಲಿ ಹೊಸ ಯಂತ್ರದ ಮೇಲಿನ ದುಪ್ಪಟಿ ಎಳೆದರು.

"ಅಲ್ರೀ, ನನ್ನ ಹೊಲಿಗಿ ಮಷೀನಿಗೆ ಕುಕ್ಕರಿನ ಸೀಟಿ ಯಾಕ ಹಚ್ಚೀರಿ?"

"ಇದು ದೂರನುಂಗಿ! ಹುಬ್ಬಳ್ಳಿ ನಿಲ್ದಾಣದಿಂದ ಮೈಸೂರು ನಿಲ್ದಾಣಕ್ಕ ನಾನೂರು ಕಿಲೋಮೀಟರು, ಒಂದು ತಾಸಿನ ಹಾರಾಟ ಅದ. ಹಿಡಿಕಿ ತಿರುವಿದ್ರ ನಡುವಿನ ದೂರ ಎಲ್ಲಾ ನುಂಗ್ತದ!"

"ನುಂಗಿದ್ದು ಎಲ್ಲಿ ಹೋಗ್ತದ?"

"ಉಗುಳ್ತದ. ಉಗುಳೂ ಡಬ್ಬಿ ರಾತ್ರಿನೇ ನಿನ್ನ ಚೀಲದಾಗ ಇಟ್ಟೀನಿ. ನಸುಕಿನಾಗನ ಚೀಲ ಹೊರಗ ಹೋತಲ್ಲ, ಈಗ ವಿಮಾನ ನಿಲ್ದಾಣದ ದಾರಿ ಹಿಡಿದಿರಬೇಕು. ಬಯಲಾಗ ಉಗುಳಿದ್ರ ಕೇಳಾವರು ಯಾರು!" ಎನ್ನುತ್ತಲೇ ರಾಯರು ಹಿಡಿಕೆ ತಿರುವಿಬಿಟ್ಟರು. ಸೀಟಿ ಕೂಗಿತು.

"ಅಯ್ಯ ನನ್ನ ಕರ್ಮ! ಚೀಲ ಎದುರು ಮನ್ಯಾಗ ಅದರೀ!"

ಹನ್ನೊಂದು ಗಂಟೆಗೆ ರಾಹುಕಾಲ. ರಾಹುಕಾಲದಲ್ಲಿ ಹೊರಡುವುದುಂಟೆ? ಅದಕ್ಕೇ ಅಂಬಾಬಾಯಿ ನಸುಕಿನಲ್ಲೇ ಚೀಲವನ್ನು ಎದುರು ಮನೆಯ ಶಂಕ್ರವ್ವನಲ್ಲಿ ಪ್ರಸ್ಥಾನ ಇಟ್ಟು ಬಂದಿದ್ದಳು. ಒಳ್ಳೆಯ ಗಳಿಗೆಯಲ್ಲಿ ಚೀಲ ಹೊಸ್ತಿಲು ದಾಟಿದರೆ ಮನುಷ್ಯರೂ ಹೊರಟಂತೆಯೇ ಲೆಕ್ಕ. ಕುಂಚಿಗೆಯೂ ಅದರಲ್ಲೇ ಇತ್ತು.

ಬಾಗಿಲು ತೆರೆದು ನೋಡಿದರೆ ಶಂಕ್ರವ್ವನ ಮನೆ ಕಡ್ಡಿಪೆಟ್ಟಿಗೆಯಷ್ಟಾಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಸಿವೆ ಕಾಳಾಯಿತು. ಆಮೇಲೆ ಅದೂ ಇಲ್ಲ! ಫೋನು ಬಡಿದುಕೊಂಡಿತು.

"ಅಂಬಕ್ಕಾ, ನಿಮ್ಮ ಮನಿ ಎಲ್ಲಿ ಹೋತ್ರೀ?"

"ಅದನ್ನ ನಮ್ಮ ರಾಯರಿಗೆ ಕೇಳ್ರಿ! ಚೀಲ ತಂದುಕೊಡ್ತೀರೇನು ಶಂಕ್ರವ್ವ?"

"ಹೆಂಗ್ ತರ್ಲಿ? ಹಾಲಿನ ಬಸಪ್ಪ ಓಣಿ ದಾಟಾಕ ಹೋಗ್ಯಾನ, ಸಣ್ಣಾಗಕೋತನ ಹೊಂಟಾನ!"

"ತಿರುಗಿ ನುಂಗಸ್ರೀ!" ಎಂದು ಅಂಬಾಬಾಯಿ ಗಂಡನ ಮೇಲೆ ಹರಿಹಾಯ್ದಳು. ರಾಯರು ಹಿಡಿಕೆಯನ್ನು ಹಿಂದಕ್ಕೆ ತಿರುವಿದರು. ಹಿಡಿಕೆ ಕೈಗೇ ಬಂತು.

"ತತ್ವ ಸರಿ ಅದ ಅಂಬೂ..."

"ತತ್ವಾನೇ ಕಟ್ಟೂಣೇನು ಕೂಸಿನ ತಲೀಗೆ?"

ಬರಿಗೈಯಲ್ಲೇ ಆಟೋ ಹತ್ತಿ ನಿಲ್ದಾಣಕ್ಕೆ ಹೋದಳು. ಅಲ್ಲಿ ದೊಡ್ಡ ಗದ್ದಲ! ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ; ಹೊರಡುವ ಬಾಗಿಲು ದಾಟಿದವರೆಲ್ಲ ಮೈಸೂರಿನಲ್ಲಿ ಚೀಲ ಬರುವ ಪಟ್ಟಿಯ ಮುಂದೆ ನಿಂತಿದ್ದರು. ತಿಂಡಿಯ ಪೊಟ್ಟಣ ಕೊಡಲಿಲ್ಲವೆಂದು ಒಬ್ಬರು ದುಡ್ಡು ವಾಪಸು ಕೇಳುತ್ತಿದ್ದರು. ಅಂಬಾಬಾಯಿಯೂ ಆ ಬಾಗಿಲು ದಾಟಿದಳು. ಅಷ್ಟೇ, ಮೈಸೂರು!

ಬೀಗಿತ್ತಿ ಅವಳ ಬರಿಗೈಯನ್ನೊಮ್ಮೆ ನೋಡಿ, ನಕ್ಕು ಹೇಳಿದಳು: "ಪಕ್ಕದ ಮನೆಯಿಂದ ಬಂದ ಹಾಗೆ ಬಂದ್ಬಿಟ್ರಲ್ಲ, ಒಂದು ಕುಂಚಿಗೆ ತರೋಕಾಗ್ಲಿಲ್ವೇ?"

ಸಂಜೆ ಮಗುವಿನ ತಲೆಗೆ ಅಂಗಡಿಯ ಕುಂಚಿಗೆ ಕಟ್ಟಿದರು. ಅಂಬಾಬಾಯಿಯದು ಎದುರು ಮನೆಯಿಂದ ಕೊರಿಯರಿನಲ್ಲಿ ಹೊರಟಿದೆ.